ಹೆಪ್ಪಿನ ಬಟ್ಟಲು

ಇವತ್ತು ಬಲಗಡೆ ಮತ್ತೆರಡು ಬಂದಾವ ಎಂದು ಮುಕ್ತಾ ಬಚ್ಚಲಮನೆಯ ಕನ್ನಡಿಗೆ ಹೇಳಿಕೊಂಡಳು. ಬಾಯಿ ಬಿಟ್ಟು ಹೇಳಲಿಲ್ಲ, ತುಟಿಯನ್ನಷ್ಟೇ ಅಲ್ಲಾಡಿಸಿದಳು. ಗೋಡೆಯ ಆಚೆ ಅವ್ವ ಪಾತ್ರೆ ತೊಳೆಯುತ್ತಿದ್ದಳು. ಗದ್ದದ ಕೆಳಗೆ, ಎಲುಬು ತಿರುಗುವ ಜಾಗದಲ್ಲಿ, ಮೊದಲು ಬೆರಳಿಗೆ ಸಿಕ್ಕು ಆಮೇಲೆ ಕಣ್ಣಿಗೆ ಬೀಳುವ ಒರಟು ಕೂದಲು. ಕಿತ್ತರೆ ಅಲ್ಲೊಂದು ಕೆಂಪು ಚುಕ್ಕೆ ಉಳಿಯುತ್ತದೆ, ಕೀಳದಿದ್ದರೆ ಬೆರಳು ದಿನವಿಡೀ ಅಲ್ಲಿಗೇ ಹೋಗುತ್ತದೆ. ಕಿತ್ತಳು. ಕಾಲೇಜಿನ ದಿನಗಳಿಂದ ಅವಳಿಗೆ ದಿನಚರಿ ಬರೆಯುವ ರೂಢಿ. ಗೆಳತಿಯ ಮೇಲಿನ ಹೊಟ್ಟೆಕಿಚ್ಚು, ಅಪ್ಪನ ಮೇಲಿನ ಸಿಟ್ಟು, ಎಲ್ಲವನ್ನೂ ಅದರಲ್ಲಿ ಬರೆದಿದ್ದಾಳೆ. ಆದರೆ ಈ ಒಂದು ಶಬ್ದವನ್ನು ಅಲ್ಲಿಯೂ ಬರೆದಿಲ್ಲ. “ಇವತ್ತೂ ಅದೇ” ಎಂದಷ್ಟೇ ಬರೆದು ಪುಟ ಮಗುಚುತ್ತಾಳೆ.

ಆಮೇಲೆ ಮಾಸ್ಕು ಹಾಕಿಕೊಂಡು ಕೆಲಸಕ್ಕೆ ಹೊರಟಳು.

ಅವಳ ಕೆಲಸವೆಂದರೆ ಬೇರೆ ಹೆಂಗಸರ ಗಡ್ಡಕ್ಕೆ ಅಂಕ ಕೊಡುವುದು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ಹಿಂಬದಿಗೆ ಹಾರ್ಮೋನು ಸಂಶೋಧನೆಯ ಕೇಂದ್ರವೊಂದು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೈಯಲ್ಲಿ ಗಂಡು ಹಾರ್ಮೋನು ಹೆಚ್ಚಾಗಿ ಮುಖದ ಮೇಲೆ ಕೂದಲು ಬಂದ, ಮುಟ್ಟು ಏರುಪೇರಾದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿ ಮುಗಿಸಿದ ಮುಕ್ತಾ ಅಲ್ಲಿ ಸಹಾಯಕಿ. ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ, ಮೇಲ್ದುಟಿ, ಗದ್ದ, ಕೆನ್ನೆಯ ಅಂಚು ಎಂದು ಭೂತಗನ್ನಡಿಯಲ್ಲಿ ನೋಡಿ, ಒಂದೊಂದು ಜಾಗಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವಳು. ಸೊನ್ನೆ ಎಂದರೆ ಏನೂ ಇಲ್ಲ. ನಾಲ್ಕು ಎಂದರೆ ಗಂಡಸಿನಷ್ಟೇ. ತನಗೆ ತಾನು ಅಂಕ ಕೊಟ್ಟುಕೊಂಡಿರಲಿಲ್ಲ. ಕೊಡುವುದಾದರೆ ಎಷ್ಟು ಎಂಬುದು ಅವಳಿಗೆ ಗೊತ್ತಿತ್ತು.

“ಬಾಯಾರ, ಇವತ್ತ ಎಷ್ಟ ಮಾರ್ಕ್ಸ್? ಪಾಸೋ ಫೇಲೋ?” ಎನ್ನುತ್ತ ಆ ದಿನ ಕುರ್ಚಿಯಲ್ಲಿ ಬಂದು ಕೂತವಳು ದಾಕ್ಷಾಯಣಿ, ಮುಕ್ತಾಳ ಓಣಿಯ ಕೊನೆಯ ಮನೆಯವಳು, ಸಿಟಿ ಬಸ್ಸಿನ ಕಂಡಕ್ಟರು.

“ಗದ್ದದ್ದು ನಾಲ್ಕಿತ್ತು, ಎರಡಕ್ಕ ಇಳದೈತ್ರಿ.”

“ಮಾರ್ಕ್ಸ್ ಇಳದಷ್ಟೂ ಪಾಸಾಗೂ ಪರೀಕ್ಷಾ ಇದೊಂದ ನೋಡ್ರಿ.” ದಾಕ್ಷಾಯಣಿ ನಕ್ಕಳು. “ಮೊನ್ನೆ ಬಸ್ಸಿನ್ಯಾಗ ಒಬ್ಬಾಂವ ‘ಏನ್ರೀ ಕಂಡಕ್ಟರ್ ಸಾಹೇಬ್ರ’ ಅಂದ. ನಾನೂ ‘ಹೇಳವಾ ತಂಗಿ, ಎಲ್ಲಿಗಿ ಟಿಕೀಟು’ ಅಂದೆ. ಬಸ್ಸಿಗಿ ಬಸ್ಸs ನಕ್ಕಿತು. ಪಾಪ, ಮುಂದಿನ ಸ್ಟಾಪಿಗೇ ಇಳದ ಹೋದ.”

ಮುಕ್ತಾ ಮಾಸ್ಕಿನೊಳಗೆ ನಗಲು ನೋಡಿದಳು. ಒಂದು ಬಸ್ಸಿನ ತುಂಬ ಜನರ ಎದುರು ಆ ಮಾತು ಹುಟ್ಟಬಹುದು ಎಂಬುದನ್ನು ನೆನೆದೇ ಅವಳ ಕಿವಿ ಬಿಸಿಯಾಯಿತು.

“ಅಲ್ರಿ,” ಎಂದಳು ದಾಕ್ಷಾಯಣಿ, “ನೀವು ನಮ್ಮ ಗದ್ದಾ ತಿಂಗಳಾನುಗಟ್ಟಲೆ ನೋಡಾಕತ್ತೀರಿ. ನಾವು ಇಲ್ಲೆ ನಿಮ್ಮ ಮಾರಿ ಒಮ್ಮೆನೂ ನೋಡಿಲ್ಲಲ್ಲ?”

“ಇಲ್ಲಿ ಹಂಗ ನಿಯಮ ಐತ್ರಿ,” ಎಂದಳು ಮುಕ್ತಾ. ಅಂಥ ನಿಯಮ ಇರಲಿಲ್ಲ.

ಕೇಂದ್ರದ ಮದ್ದಿಗೆ ಕಾಗದದ ಮೇಲೆ ಉದ್ದದ್ದೊಂದು ಹೆಸರಿತ್ತು. ಬರುವ ಹೆಂಗಸರು ಮಾತ್ರ ಅದನ್ನು ದವಾಖಾನಿ ಮೊಸರು ಎನ್ನುತ್ತಿದ್ದರು. ನೋಡಲು ಹಾಗೇ ಇತ್ತು: ಬಿಳಿ, ಮಂದ, ಮೂಗಿಗೆ ಹಿಡಿದರೆ ತುಸು ಹುಳಿ. ಅದೊಂದು ಜೀವಂತ ಲೇಪ. ನಮ್ಮೆಲ್ಲರ ತೊಗಲ ಮೇಲೂ ಸುಮ್ಮನೆ ಬದುಕಿಕೊಂಡಿರುವ ಒಂದು ಸಾಧು ಬ್ಯಾಕ್ಟೀರಿಯಾವನ್ನು ಹಿಡಿದು, ಅದಕ್ಕೆ ಹೊಸ ಕೆಲಸ ಕಲಿಸಿದ್ದರು. ಬೆವರಿನಲ್ಲಿ ಗಂಡು ಹಾರ್ಮೋನು ಎಷ್ಟಿದೆ ಎಂದು ಅದು ರುಚಿ ನೋಡುತ್ತದೆ. ಹೆಚ್ಚಾಗಿದ್ದರೆ ಆ ಹಾರ್ಮೋನಿನ ಬಾಯಿ ಕಟ್ಟುವ ಒಂದು ವಸ್ತುವನ್ನು ತಯಾರಿಸಿ ತೊಗಲಿನೊಳಕ್ಕೆ ಇಳಿಸುತ್ತದೆ. ಕಡಿಮೆಯಾದರೆ ಸುಮ್ಮನೆ ಮಲಗುತ್ತದೆ. ಗುಳಿಗೆ ನುಂಗುವುದು ಬೇಡ, ಸೂಜಿ ಬೇಡ. ವಾರಕ್ಕೊಮ್ಮೆ ಬಂದು ಹಚ್ಚಿಸಿಕೊಂಡು ಹೋದರೆ ಸಾಕು.

ವಾರಕ್ಕೊಮ್ಮೆ ಯಾಕೆ ಎಂದರೆ, ಅದಕ್ಕೊಂದು ಬೀಗ ಹಾಕಿದ್ದರು. ಲೋಕದಲ್ಲಿ ಬೇರೆಲ್ಲೂ ಸಿಗದ ಒಂದು ಉಣಿಸನ್ನು ಲೇಪದೊಳಗೇ ಬೆರೆಸಿರುತ್ತಿದ್ದರು. ಅದು ತೀರಿದ ಕೂಡಲೇ ಆ ಜೀವಿ ಸಾಯಬೇಕು. ಒಬ್ಬರ ಮೈಯಿಂದ ಇನ್ನೊಬ್ಬರಿಗೆ ಹಬ್ಬಬಾರದೆಂದು ಈ ಏರ್ಪಾಡು. ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಕ್ಕೆ ಇನ್ನೊಂದು ಗುಣವನ್ನೂ ಸೇರಿಸಿದ್ದರು: ನೇರಳೆ ದೀಪ ಹಿಡಿದರೆ ತಿಳಿಹಸಿರಾಗಿ ಹೊಳೆಯುತ್ತಿತ್ತು. ಸಂಜೆ ಮನೆಗೆ ಹೋಗುವ ಮೊದಲು ಸಿಬ್ಬಂದಿಯ ಕೈಗಳನ್ನೆಲ್ಲ ಆ ದೀಪದಡಿ ಹಿಡಿಸಿ ನೋಡುವುದೂ ಮುಕ್ತಾಳ ಪಾಲಿನ ಕೆಲಸ. ಕೈ ನೋಡುತ್ತಿದ್ದರು. ಮುಖ ಯಾರೂ ನೋಡುತ್ತಿರಲಿಲ್ಲ.

ಅವತ್ತು ದಾಕ್ಷಾಯಣಿ ಎದ್ದುಹೋದ ಮೇಲೆ ಶೀಶೆಯ ತಳದಲ್ಲಿ ಒಂದು ಚಮಚೆಯಷ್ಟು ಉಳಿದಿತ್ತು. ಉಳಿದದ್ದನ್ನು ಸುಡುವ ಡಬ್ಬಿಗೆ ಹಾಕಬೇಕು. ಮುಕ್ತಾ ಶೀಶೆಯನ್ನು ತನ್ನ ಊಟದ ಚೀಲಕ್ಕೆ ಹಾಕಿದಳು.

ನೇರವಾಗಿ ಡಾಕ್ಟರಿಗೆ ಹೇಳಿದ್ದರೆ ಅವರೇ ಮದ್ದು ಕೊಡುತ್ತಿದ್ದರು. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಪಿಯುಸಿಯಲ್ಲಿದ್ದಾಗ ಅವ್ವ ಒಮ್ಮೆ ಅವಳನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು “ಗಂಡು ಹಾರ್ಮೋನು ಹೆಚ್ಚಿರಬೇಕು, ರಕ್ತ ಪರೀಕ್ಷೆ ಮಾಡಿಸಿ” ಎಂದಾಗ ಅವ್ವ ಸೆರಗು ಸರಿಮಾಡಿಕೊಂಡು ಎದ್ದುಬಿಟ್ಟಳು. ದಾರಿಯಲ್ಲಿ ಒಂದೇ ಮಾತು ಹೇಳಿದಳು: “ಇದು ಅಪ್ಪಗ ಗೊತ್ತಾಗೂದು ಬ್ಯಾಡ. ಓಣ್ಯಾಗಂತೂ ಬ್ಯಾಡವಾ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅಂದಿನಿಂದ ತಾಯಿ ಮಗಳ ನಡುವೆ ಆ ಮಾತು ಮತ್ತೆ ಬರಲಿಲ್ಲ. ಬಾರದ ಮಾತು ಮನೆಯೊಳಗೇ ಕೂತು ಬೆಳೆಯಿತು.

ಶೀಶೆಯ ಲೇಪ ಒಂದು ವಾರಕ್ಕೆ ಸಾಯುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಏನು ಮಾಡಬೇಕು ಎಂದು ಅವಳು ಪುಸ್ತಕ ತೆರೆದು ನೋಡಲಿಲ್ಲ. ಅವ್ವ, ಅವ್ವನ ಅವ್ವ ಮಾಡುತ್ತ ಬಂದದ್ದನ್ನೇ ಮಾಡಿದಳು. ಒಂದು ಸಣ್ಣ ಸ್ಟೀಲಿನ ಬಟ್ಟಲಲ್ಲಿ ಉಗುರುಬೆಚ್ಚಗಿನ ಹಾಲು ಹಾಕಿ, ಅದಕ್ಕೆ ಶೀಶೆಯ ತಳದ್ದನ್ನು ಹೆಪ್ಪು ಬಿಟ್ಟಳು. ಮರುದಿನ ಅದು ನೀರುನೀರಾಗಿತ್ತು. ಅದರಲ್ಲೇ ಒಂದು ಚಮಚೆ ತೆಗೆದು ಹೊಸ ಹಾಲಿಗೆ ಹಾಕಿದಳು. ಹೀಗೆ ದಿನಾ. ಹಲವು ದಿನ ಅದು ಸತ್ತೇ ಹೋಯಿತೇನೋ ಅನ್ನಿಸಿತ್ತು. ಒಂದು ಬೆಳಿಗ್ಗೆ ಬಟ್ಟಲು ಓರೆ ಮಾಡಿದರೆ ಅಲುಗದ ಹಾಗೆ ಗಟ್ಟಿಯಾಗಿ ಕೂತಿತ್ತು. ಫ್ರಿಜ್ಜಿನಲ್ಲಿ ಹಿಂದುಗಡೆ, ಉಪ್ಪಿನಕಾಯಿ ಭರಣಿಯ ಮರೆಯಲ್ಲಿ ಅದಕ್ಕೆ ಜಾಗ ಮಾಡಿದಳು. ರಾತ್ರಿ ಮಲಗುವಾಗ ಗದ್ದಕ್ಕೆ ಹಚ್ಚಿಕೊಳ್ಳುವಳು, ಬೆಳಿಗ್ಗೆ ತೊಳೆದು ಮಾಸ್ಕು ಹಾಕುವಳು.

ದಿನಾ ಹಳೆಯದರಿಂದ ಹೊಸದಕ್ಕೆ ದಾಟಿಸುತ್ತ ಹೋದರೆ, ಆ ಹೊಸ ಜಾಗದಲ್ಲಿ ಬದುಕಬಲ್ಲವು ಮಾತ್ರ ಬದುಕಿ, ಕೊನೆಗೆ ಬೇರೆಯದೇ ತಳಿ ಹುಟ್ಟುತ್ತದೆ. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಚಿತ್ರ ಬರೆದು ಉತ್ತರಿಸಿ ಒಳ್ಳೆಯ ಅಂಕ ತೆಗೆದುಕೊಂಡಿದ್ದಳು. ಪ್ರಯೋಗಾಲಯದಲ್ಲಾಗಿದ್ದರೆ ಥಟ್ಟನೆ ನೆನಪಾಗುತ್ತಿತ್ತು. ಅಡುಗೆಮನೆಯಲ್ಲಿ ಅದು ಬರೀ ಹೆಪ್ಪಾಗಿತ್ತು.

ಹಾಗೆ ಚಳಿಗಾಲ ಕಳೆಯಿತು. ಗದ್ದದ ಕೂದಲು ಮೆತ್ತಗಾಯಿತು, ಆಮೇಲೆ ತೆಳುವಾಯಿತು. ಬೆರಳು ಅಲ್ಲಿಗೆ ಹೋಗುವುದನ್ನು ಮರೆಯತೊಡಗಿತು. ಅವಳಿಗೆ ಖುಷಿಯಾಯಿತು, ಆದರೆ ಕದ್ದು ತಿಂದ ಸಿಹಿಯ ಹಾಗೆ ಅದನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಬೇಕಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ಕನ್ನಡಿ ಹಿಡಿದುಕೊಂಡು, “ಇತ್ತೀಚಿಗಿ ದಿನಾ ಗಡ್ಡಾ ಹೆರಕೊಳ್ಳೂ ಜರೂರೇ ಬೀಳವಲ್ದು ನೋಡು,” ಎಂದ.

“ವಯಸ್ಸಾತು,” ಎಂದಳು ಅವ್ವ ಒಳಗಿನಿಂದ. “ಬ್ಲೇಡಿನ ಖರ್ಚರೆ ಉಳೀತು ಬಿಡ್ರಿ.”

ಮುಕ್ತಾ ಅದನ್ನು ಕೇಳಿ ನಕ್ಕಳು. ಆ ನಗುವನ್ನು ಆಮೇಲೆ ಎಷ್ಟು ಸಲ ನೆನೆದು ಸುಟ್ಟುಕೊಂಡಳೋ.

ಅದೇ ದಿನ ಹಿತ್ತಲಲ್ಲಿ ಅಣ್ಣನ ಹೆಂಡತಿ ಕಸ್ತೂರಿ ಕಡಲೆಹಿಟ್ಟಿಗೆ ಮೊಸರು ಕಲಸಿ ಮುಖಕ್ಕೆ, ಕೈಗೆ ಬಳಿದುಕೊಂಡು ಬಿಸಿಲಿಗೆ ಕೂತಿದ್ದಳು. ಈ ಮನೆಯಲ್ಲಿ ಮುಕ್ತಾಳಿಗೆ ಮಾತಾಡಲು ಸಿಕ್ಕುವವಳು ಎಂದರೆ ಈ ವೈನಿ ಒಬ್ಬಳೇ. ಹೋದ ವರ್ಷ ಅವಳ ಬಸಿರು ಇಳಿದುಹೋದಾಗ ಮೂರು ದಿನ ಪಕ್ಕದಲ್ಲಿ ಕೂತು ತಲೆ ಸವರಿದವಳು ಮುಕ್ತಾ. ಕೂತಿದ್ದಳಷ್ಟೇ, ಒಂದು ಮಾತನ್ನೂ ಆಡಲಾಗಿರಲಿಲ್ಲ. “ನೀ ಮಾತಾಡ್ಲಿಲ್ಲಲ್ಲ, ಅದಕ್ಕs ಚೊಲೋ ಅನಿಸ್ತು,” ಎಂದು ವೈನಿ ಆಮೇಲೆ ಹೇಳಿದ್ದಳು.

“ಬಾ ಇಲ್ಲೆ,” ಎಂದು ಕಸ್ತೂರಿ ಕರೆದಳು. “ನೋಡು, ಮೀಸಿ ಕಾಣಸ್ತಾವೇನು?”

“ಎಲ್ಲೀವು ವೈನಿ?”

“ಅದs ಮತ್ತ. ಮೇಲ್ದುಟಿ ಮ್ಯಾಲಿನ ಬೂರು ಹೋಗೇಬಿಟ್ಟೈತಿ. ನಾ ಏನೂ ತೆಗಿಸಿಲ್ಲ. ಅತ್ತಿಯವರ ಮೊಸರಿನ ಗುಣಾ ಇದು. ಏನ್ ಗಟ್ಟಿ ಬೀಳ್ತೈತಂತಿ ಈಗೀಗ, ಚಾಕುಲೆ ಕೊಯ್ಯಬೇಕು.” ಕಸ್ತೂರಿ ಆಚೀಚೆ ನೋಡಿ ದನಿ ಇಳಿಸಿದಳು. “ಇನ್ನೊಂದ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ. ನಿಮ್ಮಣ್ಣಗೂ ಇನ್ನಾ ಹೇಳಿಲ್ಲ. ಈ ಸಲ ಮುಟ್ಟು ನಿಂತೈತಿ. ಮನ್ಯಾಗs ಪರೀಕ್ಷಾ ಮಾಡಿ ನೋಡಿದೆ, ಹೌದು ಅಂತು.”

ಹಿಟ್ಟು ಒಣಗಿ ಬಿರಿದ ಮುಖದೊಳಗಿನಿಂದ ಅವಳ ಕಣ್ಣು ಹೊಳೆಯುತ್ತಿದ್ದವು. ಮುಕ್ತಾ ಅವಳ ಕೈ ಹಿಡಿದಳು. ಅಂಗೈಗೆ ಮೊಸರು ಅಂಟಿತು. ಮೂಗಿಗೆ ಹಿಡಿದು ನೋಡಿದಳು. ತುಸು ಹುಳಿ. ಆ ಹುಳಿ ಅವಳಿಗೆ ಗೊತ್ತಿದ್ದದ್ದೇ.

ಅಡುಗೆಮನೆಗೆ ಹೋಗಿ ಕೇಳಿದಳು. “ಅವ್ವಾ, ಈ ಮೊಸರಿಗಿ ಹೆಪ್ಪ ಎಲ್ಲೀದು?”

“ಎಲ್ಲೀದಂದ್ರ? ನಿನ್ನ ಬಟ್ಟಲದ್ದು.” ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. “ಸಂಕ್ರಮಣದ ಮರುದಿನ ಒಂದ ಹನಿ ಮೊಸರಿದ್ದಿಲ್ಲ ಮನ್ಯಾಗ. ಮಾರಿಗೆ ಹಚ್ಚಿಕೊಳ್ಳಾಕ ನೀ ತೆಗದಿಟ್ಟಿದ್ದು ಕಂಡಿತು, ಒಂದ ಚಮಚಾ ತಗೊಂಡೆ. ಮೊಸರಂದ್ರ ಮೊಸರs ಅಲ್ಲೇನು? ಚೊಲೋ ಬಿದ್ದೈತಿ. ಓಣಿಗೆಲ್ಲಾ ಈಗ ನಮ್ಮ ಮನಿ ಹೆಪ್ಪs.” ಆ ಕೊನೆಯ ಮಾತಿನಲ್ಲಿ ಸಣ್ಣದೊಂದು ಜಂಬವಿತ್ತು.

ಮುಕ್ತಾ ಅಂಗೈಗೆ ಅಂಟಿದ ಮೊಸರನ್ನು ನಲ್ಲಿಯಡಿ ಉಜ್ಜಿ ತೊಳೆದಳು.

ಮರುದಿನ ಅರ್ಧ ದಿನ ರಜೆ ಹೇಳಿ ಕೇಂದ್ರದಿಂದ ಕೈದೀಪವೊಂದನ್ನು ತಂದಳು. ಮಧ್ಯಾಹ್ನ ಅವ್ವ ಅಡ್ಡಾಗಿದ್ದಾಗ ಅಡುಗೆಮನೆಯ ಕಿಟಕಿಗೆ ಚಾದರ ಇಳಿಬಿಟ್ಟು ದೀಪ ಹೊತ್ತಿಸಿದಳು. ಮೊಸರಿನ ಬೋಗಾಣಿ ಒಳಗಿನಿಂದಲೇ ಬೆಳಗಿದ ಹಾಗೆ ತಿಳಿಹಸಿರಾಯಿತು. ಸೌಟಿನ ಹಿಡಿ ಹೊಳೆಯಿತು. ಫ್ರಿಜ್ಜಿನ ಬಾಗಿಲಲ್ಲಿ ಬೆರಳುಗಳ ಗುರುತು, ನೀರಿನ ಚರಿಗೆಯ ಅಂಚು, ಗೋಡೆಯ ಮೇಲೆ ಅವ್ವ ಕೈಯೂರಿ ಏಳುವ ಜಾಗ. ಒಂದು ಮನೆ ದಿನವಿಡೀ ಏನೇನನ್ನು ಮುಟ್ಟುತ್ತದೆ ಎಂಬುದೆಲ್ಲ ಅಲ್ಲಿ ಕಾಣುತ್ತಿತ್ತು. ಕೊನೆಗೆ ದೀಪವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಸ್ಟೀಲಿನ ತಟ್ಟೆಯಲ್ಲಿ ಅವಳ ಗದ್ದ ಹಸಿರು ಗಡ್ಡ ಬಿಟ್ಟ ಹಾಗೆ ಉರಿಯುತ್ತಿತ್ತು.

ಉಣಿಸಿಲ್ಲದೆ ಬದುಕುವುದನ್ನು ಅದು ಕಲಿತಿತ್ತು. ಬೀಗ ಹೋಗಿತ್ತು. ಬೀಗದ ಜೊತೆ ಹೆಚ್ಚು ಕಡಿಮೆ ತೂಗಿ ನೋಡುವ ತಕ್ಕಡಿಯೂ ಹೋಗಿದ್ದರೆ, ಯಾರ ಮೈ ಎಂದು ನೋಡದೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಅಪ್ಪನ ಗಡ್ಡ ನೆನಪಾಯಿತು. ಆಮೇಲೆ ವೈನಿಯ ಹೊಟ್ಟೆ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸಿಂಧು ಕಟ್ಟಿ ಧಾರವಾಡದವರು. ಮಾತು ಒರಟು, ಕೈ ಮೆತ್ತಗೆ. ಮಾರನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ಮುಕ್ತಾ ಅವರ ಬಾಗಿಲಲ್ಲಿ ಹೋಗಿ ನಿಂತಳು.

“ಮೇಡಂ, ಒಂದು ಕೇಳ್ಲೆನ್ರಿ? ಬೀಗ ಇಲ್ಲದ ತಳಿ ಹುಟ್ಟೂದು ಸಾಧ್ಯ ಐತೇನ್ರಿ?”

“ಇಷ್ಟು ದಿವಸದಾಗ ನೀ ಕೇಳಿದ ಮೊದಲನೇ ಪ್ರಶ್ನಿ ಇದು. ಕೂಡು.” ಡಾಕ್ಟರು ಬಿಸ್ಕೀಟು ಮುಂದೆ ಸರಿಸಿದರು. ಮಾಸ್ಕು ತೆಗೆಯಬೇಕಾಗುತ್ತದೆಂದು ಮುಕ್ತಾ ಮುಟ್ಟಲಿಲ್ಲ. “ಸಾಧ್ಯ ಅದ. ಆದ್ರ ಅದಕ್ಕ ಯಾರರೆ ಕೂತು ದಿನಾ ಹಳೇದರಿಂದ ಹೊಸದಕ್ಕ ದಾಟಿಸಿಕೋತ ಹೋಗಬೇಕು, ಒಂದು ದಿನಾನೂ ತಪ್ಪಿಸಲಾರದ. ನಮ್ಮ ಹುಡುಗರಿಗೆ ಒಂದು ವಾರ ಮಾಡ್ರಿ ಅಂದ್ರ ಜ್ವರಾ ಬರ್ತಾವ. ಅಷ್ಟು ತಾಳ್ಮಿ ಯಾರಿಗದ?”

ತನ್ನ ಓಣಿಯ ಒಂದೊಂದು ಮನೆಯೂ ಮುಕ್ತಾಳ ಕಣ್ಣಮುಂದೆ ಹಾದುಹೋಯಿತು.

“ಒಂದ್ವೇಳೆ ಅಂಥಾದ್ದು ಬಸುರಿಗೆ ತಾಗಿದ್ರ?”

ಡಾಕ್ಟರು ಕಪ್ಪು ಕೆಳಗಿಟ್ಟರು. “ಅದಕ್ಕs ಅಲ್ಲೇನು ಬಸುರಾದಾಕಿನ್ನ ಅದೇ ದಿವಸ ಈ ಪ್ರಯೋಗದಿಂದ ಹೊರಗ ಹಾಕೂದು? ಹೊಟ್ಟಿಯೊಳಗಿನ ಕೂಸು ಗಂಡಿದ್ರ, ಅದು ಗಂಡಾಗಿ ರೂಪಾಗೂದು ಈ ಹಾರ್ಮೋನಿನ ಮಾತು ಕೇಳಿನs. ಮೂರನೇ ತಿಂಗಳದಾಗ ಆ ಮಾತು ನಡೀತದ. ಆ ಹೊತ್ತಿಗೆ ನೀ ಹಾರ್ಮೋನಿನ ಬಾಯಿ ಕಟ್ಟಿದೀ ಅಂದ್ರ, ಕೂಸು ಯಾರ ಮಾತು ಕೇಳಬೇಕು?”

“ಅದರೊಳಗs ಗೊತ್ತಾದ್ರ?”

“ಗೊತ್ತಾದ್ರ ತೊಳದ ಬಿಡಬಹುದು, ಕೂಸಿಗೆ ಏನೂ ಆಗೂದಿಲ್ಲ. ಆದ್ರ ತೊಳಿಯೋ ಔಷಧ ಆ ತಳಿಗೆ ತಕ್ಕಂಗ ಮಾಡಬೇಕು. ಮೂಲ ಕೈಗೆ ಸಿಗಬೇಕು. ಯಾರ ಮೈಮ್ಯಾಲೆ ಇತ್ತು, ಯಾತರಾಗ ಬೆಳಸಿದ್ರು, ಯಾವಾಗಿಂದ, ಎಲ್ಲಾ ಖರೇ ಖರೇ ಹೇಳಬೇಕು. ಕದ್ದವರು ಹಂಗ ಬಂದು ಹೇಳ್ತಾರೇನು?” ಅವರು ಕನ್ನಡಕದ ಮೇಲಿನಿಂದ ನೋಡಿದರು. “ಯಾಕ, ಏನಾಗೇದ?”

“ಏನಿಲ್ರಿ. ಸುಮ್ನ, ಓದಾಕತ್ತಿದ್ದೆ.”

ಹೊರಗೆ ಬಂದು ಕೈ ತೊಳೆಯುವ ಜಾಗದಲ್ಲಿ ನಿಂತು ಅವಳು ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು. ನಾ ಕದ್ದೆ. ಈ ಮಾತು ಬರುತ್ತದೆ, ಕಷ್ಟವಾದರೂ ಬರುತ್ತದೆ. ಕೆಲಸ ಹೋಗಬಹುದು, ಬೈಗುಳ ಬೀಳಬಹುದು, ಅದನ್ನು ತಡೆದುಕೊಳ್ಳಬಹುದು. ಆದರೆ ಅದರ ಬೆನ್ನಿಗೇ ಬರುವ ಪ್ರಶ್ನೆ: ಯಾಕೆ? ಆ ಯಾಕೆಗೆ, ದಿನಚರಿಯಲ್ಲೂ ಬರೆಯದ ಆ ಶಬ್ದವನ್ನೇ ಹೇಳಬೇಕು. ಒಂದು ಕೂಸಿನ ಎದುರು ತನ್ನ ಗದ್ದವನ್ನು ಇಟ್ಟು ತೂಗುತ್ತಿದ್ದೇನೆ, ತೂಗಿಯೂ ಸುಮ್ಮನಿದ್ದೇನೆ ಎಂದು ತಿಳಿದಾಗ ಅವಳಿಗೆ ತನ್ನ ಮುಖಕ್ಕಿಂತ ತನ್ನ ಒಳಗು ಹೆಚ್ಚು ಹೇಸಿಗೆ ಅನ್ನಿಸಿತು.

ಹೇಳದೆಯೇ ಸರಿಮಾಡಲು ನೋಡಿದಳು. ಅಂದು ಬೇಗ ಮನೆಗೆ ಬಂದು ಬೋಗಾಣಿಯ ಮೊಸರನ್ನೆಲ್ಲ ಮೋರಿಗೆ ಸುರಿದಳು. ಪಾತ್ರೆಗಳನ್ನು ಕುದಿಯುವ ನೀರಿನಲ್ಲಿ ಅದ್ದಿದಳು. ಫ್ರಿಜ್ಜು, ಗೋಡೆ, ಸೌಟು ಎಲ್ಲವನ್ನೂ ಸ್ಪಿರಿಟ್ಟು ಹಾಕಿ ಉಜ್ಜಿದಳು. “ಹಲ್ಲಿ ಬಿದ್ದಿತ್ತು,” ಎಂದು ಅವ್ವನಿಗೆ ಸುಳ್ಳು ಹೇಳಿದಳು. ತನ್ನ ಬಟ್ಟಲನ್ನು ಮಾತ್ರ ಚೆಲ್ಲಲು ಕೈ ಏಳಲಿಲ್ಲ. ಮೂಲ ಎಂದು ಡಾಕ್ಟರು ಅಂದದ್ದಕ್ಕೋ, ಅಥವಾ ಚೆಲ್ಲಿದರೆ ಗದ್ದದ ಮೇಲೆ ಮತ್ತೆ ಬರುತ್ತದೆ ಎಂಬುದಕ್ಕೋ, ಅದನ್ನು ಅವಳು ತನಗೆ ತಾನೇ ಕೇಳಿಕೊಳ್ಳಲಿಲ್ಲ. ಬಿಗಿಯಾಗಿ ಮುಚ್ಚಿ, ಬಟ್ಟೆ ಸುತ್ತಿ, ಉಪ್ಪಿನಕಾಯಿ ಭರಣಿಯ ಹಿಂದೆಯೇ ಇಟ್ಟಳು.

“ವೈನಿ, ಇನ್ನ ಮ್ಯಾಲೆ ಮಾರಿಗೆ ಮೊಸರು ಹಚ್ಚಿಕೊಳ್ಳಬ್ಯಾಡ್ರಿ. ಬಸುರಿದ್ದಾಗ ಥಂಡಿ ಆಕ್ಕೈತಂತ.”

“ಹೌದೇನು? ನಿಮ್ಮ ದವಾಖಾನ್ಯಾಗ ಅಂದ್ರೇನು?”

“ಹೌದ್ರಿ.”

“ಏನ್ ಕಾಳಜಿ ಅಂತೀನಿ ನನ್ನ ನಾದಿನಿಗೆ,” ಎಂದು ಕಸ್ತೂರಿ ಅವಳ ಬೆನ್ನು ತಟ್ಟಿದಳು. ಹಾಗೆ ತಟ್ಟಿದ ಕೈ ಬೆನ್ನ ಮೇಲೆ ಬಹಳ ಹೊತ್ತು ಇದ್ದ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಊಟದ ಡಬ್ಬಿಗೆ ಅನ್ನ ತುಂಬಲು ಹೋದರೆ ಒಲೆಯ ಪಕ್ಕದಲ್ಲಿ ಬೋಗಾಣಿ ತುಂಬ ಮೊಸರು. ಗಟ್ಟಿಯಾಗಿ, ಚಾಕುವಿನಿಂದ ಕೊಯ್ಯುವ ಹಾಗೆ.

“ಇದೆಲ್ಲೀದವ್ವಾ?”

“ಎದುರು ಮನಿ ಗಂಗಕ್ಕನ ಕಡಿಂದ ನಿನ್ನೆ ದೀಪಾ ಹಚ್ಚೂಕಿಂತ ಮದಲs ಹೆಪ್ಪ ಇಸ್ಕೊಂಡ ಬಂದೆ. ದೀಪಾ ಹಚ್ಚಿದ ಮ್ಯಾಲೆ ಯಾರ ಕೊಡ್ತಾರ? ‘ನಿಮ್ಮದs ಹೆಪ್ಪಲ್ಲೇನ್ರಿ ಇದು, ನೀವs ಕೊಟ್ಟಿದ್ರಿ’ ಅಂತ ನಗಾಕತ್ತಿದ್ಲು.”

ಕೈದೀಪ ಹಿಡಿದು ನೋಡುವ ಅಗತ್ಯವಿರಲಿಲ್ಲ. ಆದರೂ ಹಿಡಿದಳು. ತಿಳಿಹಸಿರು. ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವ ಮನೆ ಈ ಊರಲ್ಲಿ ಇಲ್ಲ. ತನ್ನ ಮನೆಯದನ್ನು ಎಷ್ಟು ಸಲ ಚೆಲ್ಲಿದರೂ ಓಣಿ ಅದನ್ನು ಪ್ರೀತಿಯಿಂದ ತಂದು ತಿರುಗಿ ಕೊಡುತ್ತದೆ. ತಾನು ಮುಚ್ಚಿಟ್ಟದ್ದು ಮನೆಮನೆಯಲ್ಲಿ ರಾತ್ರಿಯೆಲ್ಲ ಮೆಲ್ಲಗೆ ಹೆಪ್ಪುಗಟ್ಟುತ್ತ ಕೂತಿದೆ. ಇದಕ್ಕೆ ಉಜ್ಜುವ ಬಟ್ಟೆಯಾಗಲಿ ಸ್ಪಿರಿಟ್ಟಾಗಲಿ ಸಾಲುವುದಿಲ್ಲ ಎಂದು ಅವಳಿಗೆ ಅಲ್ಲಿಯೇ, ಒಲೆಯ ಎದುರಿಗೇ ತಿಳಿಯಿತು.

ಅವಳು ಬಟ್ಟಲನ್ನು ಊಟದ ಚೀಲಕ್ಕೆ ಹಾಕಿಕೊಂಡಳು. ಡಾಕ್ಟರ ಮೇಜಿನ ಮೇಲೆ ಯಾರೂ ಇಲ್ಲದಾಗ ಇಟ್ಟು, ಒಂದು ಚೀಟಿ ಬರೆದು ಬಂದುಬಿಡುವುದು ಎಂದು ಮನಸ್ಸಿನಲ್ಲಿತ್ತು. ಚೀಟಿಗೆ ಹೆಸರು ಬೇಕಿಲ್ಲವಲ್ಲ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೆ ತಣ್ಣಗಿತ್ತು.

ಆದರೆ ಕೇಂದ್ರದ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ವೈನಿಯ ದನಿ ಕೇಳಿತು. ಹಿಂದಿನ ರಾತ್ರಿ ಅವಳು ಗಂಡನಿಗೆ ಸುದ್ದಿ ಹೇಳಿದ್ದಳು. ಆತ ಬೆಳಿಗ್ಗೆಯೇ ಆಸ್ಪತ್ರೆಗೆ ತಂದು ಬಿಟ್ಟು ಅಂಗಡಿಗೆ ಹೋಗಿದ್ದ. ಹೊಸ ಬಸುರಿಯರನ್ನೆಲ್ಲ ಒಮ್ಮೆ ಹಿಂಬದಿಯ ಕೇಂದ್ರಕ್ಕೆ ಕಳಿಸಿ ನೇರಳೆ ದೀಪದಡಿ ನೋಡುವುದು ಆ ಆಸ್ಪತ್ರೆಯ ಪದ್ಧತಿ.

“ನಮ್ಮ ನಾದಿನಿ ಇಲ್ಲೇ ಕೆಲಸಾ ಮಾಡ್ತಾಳ್ರಿ,” ಎಂದು ಕಸ್ತೂರಿ ಹೆಮ್ಮೆಯಿಂದ ಹೇಳುತ್ತಿದ್ದಳು. “ನೋಡ್ರಿ, ಬಂದs ಬಂದ್ಲು. ಬಾ ಮುಕ್ತಾ.”

ಪರದೆ ಎಳೆದಿದ್ದರು. ಡಾಕ್ಟರ್ ಸಿಂಧು ಕಟ್ಟಿ ದೀಪ ಹಚ್ಚಿ ಅವಳ ಮುಖಕ್ಕೆ ಹಿಡಿದಿದ್ದರು. ಕಸ್ತೂರಿಯ ಕೆನ್ನೆ, ಮೇಲ್ದುಟಿ, ಎರಡೂ ಮುಂಗೈ, ಕುತ್ತಿಗೆ, ಎಲ್ಲ ತಿಳಿಹಸಿರಾಗಿ ಹೊಳೆಯುತ್ತಿದ್ದವು. ತನ್ನ ಕೈಯನ್ನೇ ತಾನು ತಿರುಗಿಸಿ ನೋಡುತ್ತಿದ್ದ ಕಸ್ತೂರಿಯ ನಗು ಮೆಲ್ಲಗೆ ಇಳಿಯಿತು.

“ಇದೇನ್ರಿ ಇದು?”

“ಅದನ್ನ ನಾ ಕೇಳಬೇಕು.” ಡಾಕ್ಟರ ದನಿ ಗಟ್ಟಿಯಾಗಿತ್ತು. “ಇಲ್ಲಿಯ ಔಷಧಾ ನಿಮ್ಮ ಮೈಮ್ಯಾಲೆ ಹ್ಯಾಂಗ ಬಂತು? ಖರೇ ಹೇಳ್ರಿ. ಯಾರ ಕಡಿಂದ ತಂದು ಹಚ್ಚಿಕೊಂಡೀರಿ?”

“ನಾ ಯಾರ ಕಡಿಂದೂ ತಂದಿಲ್ರಿ. ಶಿವನಾಣಿ. ಬರೇ ಮನಿ ಮೊಸರು, ಕಡ್ಲಿ ಹಿಟ್ಟು.”

“ಮೊಸರು ಹಿಂಗ ಹೊಳಿಯೂದಿಲ್ರಿ. ನೀವು ಮುಚ್ಚಿಟ್ಟಷ್ಟೂ ನಿಮ್ಮ ಕೂಸಿಗೇ ತ್ರಾಸು. ಆ ಕಂಡಕ್ಟರ್ ದಾಕ್ಷಾಯಣಿ ನಿಮ್ಮ ಓಣ್ಯಾಗs ಇರ್ತಾಳ, ಹೌದಲ್ಲೋ? ಆಕಿನs ಕೊಟ್ಟಾಳ. ಇವತ್ತs ಆಕಿ ಹೆಸರು ಪಟ್ಟಿಯಿಂದ ತಗಿಸ್ತೀನಿ.”

“ಕೂಸಿಗೆ ಏನಾಗ್ತೈತ್ರಿ?” ಕಸ್ತೂರಿ ಮಿಕ್ಕಿದ್ದೊಂದನ್ನೂ ಕೇಳಿಸಿಕೊಂಡಿರಲಿಲ್ಲ. “ಮೇಡಂ, ಕೂಸಿಗೆ ಏನಾಗ್ತೈತ್ರಿ? ಒಮ್ಮೆ ಹೋಗೈತ್ರಿ ನನ್ನ ಹೊಟ್ಟ್ಯಾಗಿಂದು. ಮುಕ್ತಾ, ನೀನರೆ ಹೇಳ, ನಾ ಏನೂ ಹಚ್ಚಿಕೊಂಡಿಲ್ಲಂತ. ನೀ ಬಲ್ಲಿ. ನೀ ಹೇಳು.”

ಮುಕ್ತಾ ಚೀಲದಿಂದ ಬಟ್ಟಲು ತೆಗೆದು, ಸುತ್ತಿದ ಬಟ್ಟೆ ಬಿಚ್ಚಿ, ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆಯುವಾಗ ಅದು ನೆಲಕ್ಕೆ ಬಿದ್ದು ಸುತ್ತು ಹೊಡೆಯಿತು. ದೀಪದ ಅಂಚು ತಾಗಿದ್ದೇ ಬಟ್ಟಲು ಹಸಿರಾಗಿ ಬೆಳಗಿತು, ವೈನಿಯ ಮುಖಕ್ಕಿಂತ ಹತ್ತು ಪಾಲು ಹೆಚ್ಚು.

“ಅದು ನಿನ್ನ ಬಟ್ಟಲಲ್ಲs?” ಎಂದಳು ಕಸ್ತೂರಿ.

ಡಾಕ್ಟರು ಬಟ್ಟಲು ನೋಡಿದರು, ಮುಕ್ತಾಳನ್ನು ನೋಡಿದರು. ಚಹಾದ ಹೊತ್ತಿನ ಪ್ರಶ್ನೆಗಳು ಅವರಿಗೆ ನೆನಪಾಗಿರಬೇಕು. ದನಿ ಇದ್ದಕ್ಕಿದ್ದಂತೆ ಇಳಿಯಿತು.

“ನೀನೇನು, ಮುಕ್ತಾ? ನೀ ಯಾಕ ಒಯ್ದಿ? ನಿನಗ್ಯಾಕ ಬೇಕಾಗಿತ್ತು ಇದು?”

ಬಂದೇ ಬಂತು ಆ ಯಾಕೆ. ಪರದೆಯ ಆಚೆ ಹೆಂಗಸರು ತಮ್ಮ ಸರದಿಗೆ ಕಾಯುತ್ತ ಕೂತಿದ್ದರು. ಯಾರೋ ಮಗುವನ್ನು ಸುಮ್ಮನಿರಿಸುತ್ತಿದ್ದರು. ಇಲ್ಲಿ ಆಡಿದ್ದು ಅಲ್ಲಿ ಕೇಳುತ್ತದೆ. ಮುಕ್ತಾ ಕಿವಿಯ ಹಿಂದೆ ಕೈ ಹಾಕಿ ಮಾಸ್ಕಿನ ದಾರ ಬಿಚ್ಚಿದಳು. ವೈನಿ ಕೂತಿದ್ದ ಕುರ್ಚಿಯ ಪಕ್ಕ ಮೊಣಕಾಲೂರಿ, ತಾನು ಇಷ್ಟು ದಿನ ಬೇರೆಯವರ ಮುಖಕ್ಕೆ ಹಿಡಿದಿದ್ದ ಆ ದೀಪದ ಕೆಳಕ್ಕೆ ಗದ್ದ ಎತ್ತಿ ಹಿಡಿದಳು. ಬೆಳಕು ಕಣ್ಣಿಗೆ ಹೊಡೆಯಿತು. ಕಣ್ಣು ಮುಚ್ಚಲಿಲ್ಲ.

“ನನಗ ಗಡ್ಡ ಬರ್ತೈತ್ರಿ, ಮೇಡಂ,” ಎಂದಳು.